ಕನ್ನಡಿಯುಳ್ಳ ಕ್ಯಾಮೆರಾ, ಕನ್ನಡಿಯಿಲ್ಲದ ಕ್ಯಾಮೆರಾ

ಮನೆಯಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ವಸ್ತುವೊಂದು ಇರಲು, ಅದೇ ಕೆಲಸಕ್ಕೆಂದು ಹೊಸದೊಂದನ್ನು ಕೊಂಡು ತರುವುದು ವಿವೇಕವೋ ದುಂದುಗಾರಿಕೆಯೋ ಎಂಬ ಪ್ರಶ್ನೆಯು ಗೃಹಸ್ಥರಾದವರಿಗೆ ಹೊಸತಲ್ಲ. ಒರಳುಕಲ್ಲಿನ ಪಕ್ಕದಲ್ಲಿ ರುಬ್ಬುವ ಯಂತ್ರವು ಬಂದು ಕುಳಿತಾಗಲೂ, ಸೌದೆಯ ಒಲೆಯ ಎದುರಿಗೆ ಗ್ಯಾಸಿನ ಒಲೆಯು ಬಂದಾಗಲೂ ಈ ಚರ್ಚೆಯು ಮನೆಮನೆಯಲ್ಲಿಯೂ ನಡೆದೇ ಇರುವುದು. ೨೦೨೪ರ ಭಾದ್ರಪದದಲ್ಲಿ ನಮ್ಮ ಮನೆಯಲ್ಲಿಯೂ ಅಂಥದೊಂದು ಚರ್ಚೆಯು ಎದ್ದಿತು. ಅದಕ್ಕೆ ಕಾರಣವಾದುದು ಕ್ಯಾಮೆರಾ.

ನಮ್ಮ ತಂಗಿಯ ಮಗಳ ವಿವಾಹವು ನಿಶ್ಚಯವಾಗಿದ್ದಿತು. ನಮ್ಮಲ್ಲಿದ್ದುದು ೨೦೧೧ರಲ್ಲಿ ಕೊಂಡ ನಿಕಾನ್ ಡಿ ೩೧೦೦ ಎಂಬ ಕ್ಯಾಮೆರಾ. ವಧುವಿನ ಅಣ್ಣನು, ಎಂದರೆ ನಮ್ಮ ಸೋದರಳಿಯನು, ನಿಕಾನ್ ಝಡ್ ೫೦ ಎಂಬ ಹೊಸ ಬಗೆಯದನ್ನು ಕೊಂಡಿದ್ದನು. “ಮಾವಾ, ಇದನ್ನಿನ್ನು ಬೀರುವಿನಲ್ಲಿ ಇಟ್ಟುಬಿಡಿ. ಮದುವೆಯ ಹೊತ್ತಿಗೆ ನೀವೂ ಹೊಸದನ್ನೇ ತೆಗೆದುಕೊಳ್ಳಿ” ಎಂದು ಅವನ ವಾದ. “ಹದಿಮೂರು ವರ್ಷ ಮನೆಯವರೆಲ್ಲರ ಮುಖವನ್ನೂ ತೋರಿಸಿದ್ದಲ್ಲವೇನಪ್ಪಾ ಇದು? ಕೆಟ್ಟಿದೆಯೇ, ಮುರಿದಿದೆಯೇ? ಮದುವೆಯ ಖರ್ಚಿನ ಮೇಲೆ ಇದೊಂದು ಖರ್ಚು ಏತಕ್ಕೆ?” ಎಂದು ನಮ್ಮ ಮನೆಯಾಕೆಯ ಪ್ರತಿವಾದ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದ್ದಿತು. ತೀರ್ಪು ಹೇಳುವ ಭಾರವು ನಮ್ಮ ಮೇಲೆ ಬಿದ್ದುದರಿಂದ, ಎರಡನ್ನೂ ಒರೆಗೆ ಹಚ್ಚಿ ನೋಡಿಯೇ ಹೇಳುವೆವೆಂದೆವು. ಹುಡುಗನು ತನ್ನ ಕ್ಯಾಮೆರಾವನ್ನು ನವರಾತ್ರಿಯಿಂದ ದೀಪಾವಳಿಯವರೆಗೆ ನಮ್ಮ ಕೈಯಲ್ಲಿ ಬಿಟ್ಟುಹೋದನು. ಆ ಒಂದು ತಿಂಗಳಲ್ಲಿ ನಾವು ಕಂಡುಕೊಂಡುದನ್ನು, ಇದೇ ಪ್ರಶ್ನೆಯನ್ನು ಎದುರಿಸುತ್ತಿರುವ ವಾಚಕರಿಗೆ ಉಪಯೋಗವಾದೀತೆಂದು ಇಲ್ಲಿ ಅರಿಕೆಮಾಡಿಕೊಳ್ಳುವೆವು.

ನಮ್ಮದೊಂದು ತಪ್ಪು

ಪರೀಕ್ಷೆಯ ಮಾತಿಗೆ ಮೊದಲು ನಮ್ಮ ತಪ್ಪೊಂದನ್ನು ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನಾವು ಎರಡು ಯಂತ್ರಗಳನ್ನೂ ತೂಗಿದುದು ಆ ತಪ್ಪಿನ ತಕ್ಕಡಿಯಲ್ಲಿಯೇ.

೨೦೧೭ರ ಬಲಿಪಾಡ್ಯಮಿಯ ಸಂಜೆ ನಮ್ಮ ತಾಯಿಯವರು ತುಳಸಿಯ ಕಟ್ಟೆಯ ಮುಂದೆ ಹಣತೆಗಳನ್ನು ಸಾಲಾಗಿ ಹಚ್ಚುತ್ತಿದ್ದರು. ವಿದ್ಯುದ್ದೀಪಗಳನ್ನೆಲ್ಲ ಆರಿಸಿದ್ದೆವು. ಫ್ಲ್ಯಾಶ್ ಹಾಕಿದರೆ ಹಣತೆಯ ಬೆಳಕಿನ ಸೊಬಗು ಕೆಡುವುದೆಂದು ಅದನ್ನೂ ಮುಚ್ಚಿಟ್ಟು, ಕಿಂಡಿಯಲ್ಲಿ ಕಣ್ಣಿಟ್ಟು ನಾಲ್ಕು ಚಿತ್ರಗಳನ್ನು ತೆಗೆದೆವು. ಕ್ಯಾಮೆರಾದ ಹಿಂಬದಿಯ ಪುಟ್ಟ ತೆರೆಯಲ್ಲಿ ನಾಲ್ಕೂ ಚೆನ್ನಾಗಿಯೇ ಕಂಡವು. ಹಬ್ಬದ ಗಡಿಬಿಡಿಯು ಮುಗಿದು ವಾರದ ಮೇಲೆ ಅವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಾಗ ನಮ್ಮ ಎದೆಯು ಧಸಕ್ಕೆಂದಿತು. ಹಣತೆಯ ಬತ್ತಿಯ ಎಳೆ ಎಳೆಯೂ ಸ್ಪಷ್ಟವಾಗಿದ್ದಿತು. ತಾಯಿಯವರ ಮುಖವು ಮಾತ್ರ ಹೊಗೆಯಂತೆ ಮಸುಕಾಗಿದ್ದಿತು. ನಾಲ್ಕರಲ್ಲಿಯೂ ಹಾಗೆಯೇ. “ಮುಂದಿನ ಹಬ್ಬಕ್ಕೆ ತೆಗೆದರಾಯಿತು ಬಿಡೋ” ಎಂದು ಅವರು ನಕ್ಕರು. ಮುಂದಿನ ಹಬ್ಬಕ್ಕೆ ಅವರು ಇರಲಿಲ್ಲ.

ದೋಷವು ಯಂತ್ರದ್ದಲ್ಲ, ನಮ್ಮದೇ. ಫೋಕಸ್ ಎಲ್ಲಿ ನಿಲ್ಲಬೇಕೆಂಬುದನ್ನು ನಾವು ಯಂತ್ರದ ಇಷ್ಟಕ್ಕೇ ಬಿಟ್ಟಿದ್ದೆವು. ಅದು ಹತ್ತಿರದಲ್ಲಿ ಹೊಳೆಯುತ್ತಿದ್ದ ಹಣತೆಗಳನ್ನು ಹಿಡಿಯಿತು. ಬೆಳಕು ಕಡಿಮೆಯಾದುದರಿಂದ ಶಟರ್ ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಕಾಲ ತೆರೆದಿದ್ದಿತು. ಅಷ್ಟರೊಳಗೆ ತಾಯಿಯವರು ತಲೆಯನ್ನು ಹೊರಳಿಸಿದ್ದರು. ಎಂದರೆ ನಾವು ಮಾಡಿದ ತಪ್ಪುಗಳು ಎರಡು: ಫೋಕಸ್ಸಿನದು ಒಂದು, ಕಾಲದ್ದು ಇನ್ನೊಂದು. ಹೊಸ ಯಂತ್ರವಿದ್ದಿದ್ದರೆ ಇವೆರಡರಲ್ಲಿ ಯಾವುದು ತಪ್ಪುತ್ತಿದ್ದಿತು, ಯಾವುದು ತಪ್ಪುತ್ತಿರಲಿಲ್ಲ ಎಂಬುದೇ ನಮ್ಮ ವಿಚಾರದ ತಿರುಳು.

ಕನ್ನಡಿ ಮಾಡುವ ಕೆಲಸ

ಡಿ.ಎಸ್.ಎಲ್.ಆರ್. ಎಂದು ಅಂಗಡಿಯವರು ಕರೆಯುವ ಹಳೆಯ ಬಗೆಯ ಕ್ಯಾಮೆರಾದಲ್ಲಿ, ಲೆನ್ಸಿನ ಹಿಂದೆ ನಲವತ್ತೈದು ಅಂಶದ ಓರೆಯಲ್ಲಿ ಒಂದು ಕನ್ನಡಿಯಿರುವುದು. ಲೆನ್ಸಿನೊಳಗಿಂದ ಬಂದ ಬೆಳಕು ಆ ಕನ್ನಡಿಗೆ ತಾಗಿ ಮೇಲಕ್ಕೆ ತಿರುಗಿ, ಮಂಜುಗಾಜಿನಂಥ ಪರದೆಯೊಂದರ ಮೇಲೆ ಬಿಂಬವಾಗಿ ನಿಂತು, ಮತ್ತೆ ಪ್ರತಿಫಲಿಸಿ ನಮ್ಮ ಕಣ್ಣನ್ನು ಸೇರುವುದು. ಬೆಲೆಯುಳ್ಳ ಕ್ಯಾಮೆರಾಗಳಲ್ಲಿ ಈ ಮೇಲಿನ ಕೆಲಸಕ್ಕೆ ಗಟ್ಟಿಗಾಜಿನ ಐದು ಮುಖದ ಪಟ್ಟಕವಿರುತ್ತದೆ. ಡಿ ೩೧೦೦ದಂಥ ಮೊದಲ ಮೆಟ್ಟಲಿನವುಗಳಲ್ಲಿ ತೂಕವೂ ಬೆಲೆಯೂ ಕಡಿಮೆಯಾಗಲೆಂದು ಪಟ್ಟಕದ ಸ್ಥಾನದಲ್ಲಿ ಕನ್ನಡಿಗಳನ್ನೇ ಜೋಡಿಸಿರುವರು. ಆದುದರಿಂದ ಅದರ ಕಿಂಡಿಯು ತುಸು ಇಕ್ಕಟ್ಟು. ಅದರಲ್ಲಿ ಕಾಣುವುದು ಚಿತ್ರದ ಉದ್ದಗಲಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಮಾತ್ರ. ಅಂಚಿನಲ್ಲಿ ನಾವು ಕಾಣದಿದ್ದ ಬಾಲ್ದಿಯೋ ಪೊರಕೆಯೋ ಚಿತ್ರದಲ್ಲಿ ಬಂದು ಕುಳಿತುಕೊಳ್ಳುವುದಕ್ಕೆ ಇದೇ ಕಾರಣ.

ಗುಂಡಿಯನ್ನೊತ್ತಿದೊಡನೆ ಕನ್ನಡಿಯು ಮೇಲಕ್ಕೆ ಮಡಚಿಕೊಳ್ಳುವುದು. ಕಿಂಡಿಯು ಕ್ಷಣಕಾಲ ಕತ್ತಲಾಗುವುದು. ಶಟರ್ ತೆರೆದು ಬೆಳಕು ಸೆನ್ಸರ್ ಎಂಬ ಫಲಕದ ಮೇಲೆ ಬೀಳುವುದು. ಕನ್ನಡಿಯು ಮತ್ತೆ ಕೆಳಗಿಳಿಯುವುದು. ನಮಗೆ ಕೇಳಿಸುವ ಟಪ್ಪೆಂಬ ಸದ್ದು ಬಹುಮಟ್ಟಿಗೆ ಈ ಏರಿಳಿತದ್ದು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು: ಚಿತ್ರವು ಮೂಡುವ ಆ ಒಂದು ಗಳಿಗೆಯಲ್ಲಿಯೇ ಚಿತ್ರಗಾರನು ಕುರುಡನಾಗಿರುತ್ತಾನೆ.

ಇಷ್ಟೆಲ್ಲ ಕಷ್ಟವನ್ನು ಏಕೆ ಪಟ್ಟರೆಂದರೆ, ಇದು ಫಿಲ್ಮಿನ ಕಾಲದ ಯುಕ್ತಿ. ಫಿಲ್ಮನ್ನು ತೊಳೆಯುವವರೆಗೆ ಅದು ಏನನ್ನು ಕಂಡಿತೆಂದು ತಿಳಿಯುವಂತಿರಲಿಲ್ಲ; ಆದುದರಿಂದ ಲೆನ್ಸು ಕಾಣುವುದನ್ನಾದರೂ ಕಣ್ಣಿಗೆ ತೋರಿಸೋಣವೆಂದು ಕನ್ನಡಿಯನ್ನಿಟ್ಟರು. ನಿಕಾನ್ ಸಂಸ್ಥೆಯು ೧೯೫೯ರಲ್ಲಿ ಹೊರತಂದ ಎಫ್ ಎಂಬ ಕ್ಯಾಮೆರಾದ ಲೆನ್ಸಿನ ಕಟ್ಟೇ ಐವತ್ತು ವರ್ಷಗಳಿಗೂ ಮೀರಿ ಸಾಗಿಬಂದು ನಮ್ಮ ಡಿ ೩೧೦೦ದಲ್ಲಿಯೂ ಇರುವುದು. ಫಿಲ್ಮು ಹೋಗಿ ಆ ಸ್ಥಾನಕ್ಕೆ ಸೆನ್ಸರು ಬಂದಾಗಲೂ ಕನ್ನಡಿಯು ಉಳಿದುಕೊಂಡಿತು. ಕ್ಯಾನನ್ ಸಂಸ್ಥೆಯ ೩೦೦ಡಿ ಎಂಬುದು ೨೦೦೩ರಲ್ಲಿ ಸಾವಿರ ಡಾಲರುಗಳ ಒಳಗಿನ ಬೆಲೆಗೆ ಬಂದ ಮೇಲೆಯೇ ಈ ಬಗೆಯು ಸಾಮಾನ್ಯ ಗೃಹಸ್ಥರ ಕೈಗೆ ಎಟುಕುವಂತಾದುದು. ೨೦೧೦ರಲ್ಲಿ ಬಂದ ಡಿ ೩೧೦೦ ಈ ಸಾಲಿನಲ್ಲಿ ಹೆಸರಾದುದು.

ಕನ್ನಡಿಯನ್ನು ತೆಗೆದಾಗ

ಸೆನ್ಸರಾದರೋ ಫಿಲ್ಮಿನಂತಲ್ಲ, ತನ್ನ ಮೇಲೆ ಬೀಳುತ್ತಿರುವ ಬಿಂಬವನ್ನು ಆ ಕ್ಷಣದಲ್ಲಿಯೇ ಹೇಳಬಲ್ಲದು. ಹಾಗಿರುವಲ್ಲಿ ನಡುವೆ ಕನ್ನಡಿಯು ಏಕೆ? ಈ ಪ್ರಶ್ನೆಗೆ ಉತ್ತರವಾಗಿ ೨೦೦೮ರಲ್ಲಿ ಪ್ಯಾನಸೋನಿಕ್ ಸಂಸ್ಥೆಯ ಜಿ ೧ ಎಂಬ, ಕನ್ನಡಿಯಿಲ್ಲದೆಯೂ ಲೆನ್ಸನ್ನು ಬದಲಾಯಿಸಬಹುದಾದ ಕ್ಯಾಮೆರಾ ಬಂದಿತು. ಇಂಥವುಗಳಿಗೆ ಮಿರರ್‌ಲೆಸ್ ಎಂದು ಹೆಸರಾಯಿತು. ನಿಕಾನ್ ಸಂಸ್ಥೆಯು ೨೦೧೮ರಲ್ಲಿ ಝಡ್ ಎಂಬ ಹೊಸ ಕಟ್ಟನ್ನು ಹೂಡಿ, ೨೦೧೯ರಲ್ಲಿ ಝಡ್ ೫೦ನ್ನು ಹೊರಡಿಸಿತು. ಅದರ ಮುಂದಿನ ರೂಪವು ೨೦೨೪ರಲ್ಲಿ ಬಂದಿದೆ. ಅತ್ತ ಡಿ ೩೧೦೦ದ ವಂಶವು ೨೦೧೮ರ ಡಿ ೩೫೦೦ಕ್ಕೆ ಮುಗಿಯಿತು. ಆದುದರಿಂದ ಇನ್ನು ಮುಂದೆ ಬರುವ ಹೊಸತುಗಳು ಕನ್ನಡಿಯಿಲ್ಲದವೇ ಎಂಬುದು ಬಹುಮಟ್ಟಿಗೆ ನಿಶ್ಚಯ.

ಕನ್ನಡಿಯು ಹೋದರೆ ಅದಕ್ಕೆ ಬೇಕಾದ ಜಾಗವೂ ಉಳಿಯಿತು. ಹಳೆಯ ಕಟ್ಟಿನಲ್ಲಿ ಲೆನ್ಸಿನ ಬುಡದಿಂದ ಸೆನ್ಸರಿಗೆ ೪೬.೫ ಮಿಲಿಮೀಟರು ದೂರ. ಹೊಸದರಲ್ಲಿ ೧೬ ಮಿಲಿಮೀಟರು ಮಾತ್ರ. ಬ್ಯಾಟರಿಯೊಡನೆ ಡಿ ೩೧೦೦ ಸುಮಾರು ೫೦೫ ಗ್ರಾಮು, ಅದರೊಡನೆ ಬರುವ ಲೆನ್ಸು ೨೬೫ ಗ್ರಾಮು. ಝಡ್ ೫೦ ಸುಮಾರು ೪೫೦ ಗ್ರಾಮು, ಅದರ ಲೆನ್ಸು ೧೩೫ ಗ್ರಾಮು. ಒಟ್ಟಿನಲ್ಲಿ ೧೮೫ ಗ್ರಾಮಿನ ಉಳಿತಾಯ. ಇದು ಅಲ್ಪವೆಂದು ತೋರಬಹುದು. ಆದರೆ ಕಂಕುಳಲ್ಲಿ ಮಗುವನ್ನೂ ಕೈಯಲ್ಲಿ ಚೀಲವನ್ನೂ ಹಿಡಿದು ಜಾತ್ರೆಗೆ ಹೊರಟ ತಾಯಿಗೆ ಇದರ ಬೆಲೆಯು ತಿಳಿಯುವುದು.

ಇದಕ್ಕಿಂತಲೂ ಮುಖ್ಯವಾದುದು ಕಿಂಡಿಯೊಳಗಿನ ನೋಟ. ಹಳೆಯ ಕಿಂಡಿಯಲ್ಲಿ ಕಾಣುವುದು ಲೋಕ. ಹೊಸ ಕಿಂಡಿಯಲ್ಲಿ ಕಾಣುವುದು ಚಿತ್ರ. ಕಿಟಕಿಗೆ ಬೆನ್ನು ಕೊಟ್ಟು ಕುಳಿತ ಅಜ್ಜಿಯನ್ನು ಹಳೆಯದರಲ್ಲಿ ನೋಡಿದರೆ ನಮ್ಮ ಕಣ್ಣು ಆಕೆಯ ಮುಖವನ್ನು ಚೆನ್ನಾಗಿಯೇ ಕಾಣುವುದು. ಚಿತ್ರದಲ್ಲಿ ಮುಖವು ಕಪ್ಪಾಗಿ ಬಂದಿದೆಯೆಂಬುದು ತೆಗೆದ ಮೇಲೆ ತಿಳಿಯುವುದು. ಹೊಸದರಲ್ಲಿ ಆ ಕಪ್ಪು ತೆಗೆಯುವ ಮೊದಲೇ ಕಣ್ಣಿಗೆ ಬೀಳುವುದು. ಬೆರಳಿನಿಂದ ಒಂದು ಚಕ್ರವನ್ನು ತಿರುಗಿಸಿ, ಮುಖವು ಬೆಳಗುವುದನ್ನು ನೋಡಿಯೇ ಗುಂಡಿಯನ್ನು ಒತ್ತಬಹುದು. ಎರಡು ಬಗೆಗಳ ನಡುವೆ ನೂರಾರು ವ್ಯತ್ಯಾಸಗಳನ್ನು ಅಂಗಡಿಯವರು ಎಣಿಸುವರು. ನಮ್ಮ ಅಭಿಪ್ರಾಯದಲ್ಲಿ ಬೇರು ವ್ಯತ್ಯಾಸವು ಇದೊಂದೇ: ಹಳೆಯದರಲ್ಲಿ ತಪ್ಪು ಗಳಿಗೆ ಕಳೆದ ಮೇಲೆ ತಿಳಿಯುತ್ತದೆ, ಹೊಸದರಲ್ಲಿ ಬಹುಮಟ್ಟಿಗೆ ಗಳಿಗೆಗೆ ಮೊದಲೇ ತಿಳಿಯುತ್ತದೆ.

ಅಂಕಿಗಳ ಮಾತು

ಅಂಗಡಿಗೆ ಹೋದವರು ಮೊದಲು ಕೇಳುವುದು “ಎಷ್ಟು ಮೆಗಾಪಿಕ್ಸೆಲ್?” ಎಂಬ ಪ್ರಶ್ನೆಯನ್ನು. ಡಿ ೩೧೦೦ದ್ದು ೧೪.೨, ಝಡ್ ೫೦ರದು ೨೦.೯. ಕೇಳುವುದಕ್ಕೆ ಒಂದೂವರೆ ಪಾಲು ಹೆಚ್ಚು. ಆದರೆ ಇದು ಉದ್ದಗಲಗಳ ಗುಣಾಕಾರವೆಂಬುದನ್ನು ಮರೆಯಕೂಡದು. ಹಳೆಯ ಚಿತ್ರದ ಉದ್ದದಲ್ಲಿ ೪೬೦೮ ಚುಕ್ಕೆಗಳು, ಹೊಸದರಲ್ಲಿ ೫೫೬೮. ಎಂದರೆ ಉದ್ದದಲ್ಲಿ ಹೆಚ್ಚಾದುದು ಐದನೆಯ ಒಂದು ಭಾಗ ಮಾತ್ರ. ಅಂಗುಲಕ್ಕೆ ಮುನ್ನೂರು ಚುಕ್ಕೆಗಳಂತೆ ಅಚ್ಚು ಹಾಕಿಸಿದರೆ ಹಳೆಯದು ಹದಿನೈದು ಅಂಗುಲ ಉದ್ದ, ಹತ್ತು ಅಂಗುಲ ಅಗಲದ ಪಟವನ್ನು ಕೊಡುವುದು. ನಮ್ಮ ನಡುಮನೆಯ ಗೋಡೆಗೆ ಇದಕ್ಕಿಂತ ದೊಡ್ಡ ಪಟವು ಬೇಕಾದುದೇ ಇಲ್ಲ.

ಎರಡನೆಯ ಅಂಕಿ ಸೆನ್ಸರಿನ ಅಳತೆ. ಅದು ಎರಡರಲ್ಲಿಯೂ ಹೆಚ್ಚು ಕಡಿಮೆ ಒಂದೇ: ಉದ್ದ ಇಪ್ಪತ್ತಮೂರು ಮಿಲಿಮೀಟರಿನಷ್ಟು, ಅಗಲ ಹದಿನೈದರಷ್ಟು. ಬೆಳಕನ್ನು ಹಿಡಿಯುವ ಬಟ್ಟಲು ಒಂದೇ ಅಳತೆಯದಾದರೂ, ಹಿಡಿದುದನ್ನು ಕಲಬೆರಕೆಯಿಲ್ಲದೆ ಲೆಕ್ಕಕ್ಕೆ ತರುವ ವಿದ್ಯೆಯು ಈ ವರ್ಷಗಳಲ್ಲಿ ಬೆಳೆದಿದೆ. ಐ.ಎಸ್.ಒ. ಎಂಬುದನ್ನು ಹೆಚ್ಚಿಸಿದಂತೆ ಕತ್ತಲಲ್ಲಿಯೂ ಚಿತ್ರವು ಬರುವುದು, ಆದರೆ ಅದರ ಮೇಲೆ ಮರಳು ಚೆಲ್ಲಿದಂತಾಗುವುದು. ಹಳೆಯದರಲ್ಲಿ ೧೬೦೦ರ ಮೇಲೆ ಹೋಗಲು ನಮಗೆ ಮನಸ್ಸಾಗುತ್ತಿರಲಿಲ್ಲ. ಹೊಸದರಲ್ಲಿ ೬೪೦೦ರವರೆಗೂ ಅಳುಕಿಲ್ಲದೆ ಹೋದೆವು. ಎಂದರೆ ನಾಲ್ಕನೆಯ ಒಂದು ಪಾಲು ಬೆಳಕಿನಲ್ಲಿಯೇ ಕೆಲಸವು ನಡೆಯಿತು.

ಮೂರನೆಯದು ಲೆನ್ಸು. ಇಲ್ಲಿ ನಮಗೊಂದು ಆಶ್ಚರ್ಯವು ಕಾದಿದ್ದಿತು. ಲೆನ್ಸಿನ ಬಾಯಿಯ ಅಳತೆಯನ್ನು ಎಫ್ ಎಂಬ ಅಂಕಿಯಿಂದ ಹೇಳುವರು. ಅಂಕಿಯು ಸಣ್ಣದಾದಷ್ಟೂ ಬಾಯಿಯು ದೊಡ್ಡದು. ಹಳೆಯದರೊಡನೆ ಬರುವ ಲೆನ್ಸನ್ನು ಪೂರ್ತಿ ಹತ್ತಿರಕ್ಕೆ ಎಳೆದಾಗ ಅದರ ಬಾಯಿ ೫.೬, ಹೊಸದರ ಪುಟ್ಟ ಲೆನ್ಸಿನದು ೬.೩. ಎಂದರೆ ಹೊಸ ಯಂತ್ರದ ಲೆನ್ಸು ಹಳೆಯದಕ್ಕಿಂತಲೂ ಕಡಿಮೆ ಬೆಳಕನ್ನು ಒಳಗೆ ಬಿಡುವುದು! ತೂಕವನ್ನು ಇಳಿಸಿದುದಕ್ಕೆ ತೆತ್ತ ಬೆಲೆಯಿದು. ಇತ್ತ, ಹಳೆಯ ಕಟ್ಟಿಗೆ ೩೫ ಮಿಲಿಮೀಟರಿನ, ೧.೮ ಬಾಯಿಯ ಲೆನ್ಸೊಂದುಂಟು. ಅದು ೫.೬ ಬಾಯಿಯದಕ್ಕಿಂತ ಒಂಬತ್ತೂವರೆ ಪಟ್ಟಿಗೂ ಹೆಚ್ಚು ಬೆಳಕನ್ನು ಬಿಡುವುದು.

ಈಗ ನಮ್ಮ ತಾಯಿಯವರ ಚಿತ್ರದ ಲೆಕ್ಕವನ್ನು ಹಾಕಿ ನೋಡೋಣ. ಆ ಸಂಜೆ ಬಾಯಿ ೫.೬, ಐ.ಎಸ್.ಒ. ೧೬೦೦, ಕಾಲ ಸೆಕೆಂಡಿನ ಎಂಟನೆಯ ಒಂದು ಭಾಗ. ಅದೇ ಬೆಳಕಿನಲ್ಲಿ ಹೊಸ ಯಂತ್ರವನ್ನು ಅದರ ಸ್ವಂತ ಲೆನ್ಸಿನೊಡನೆ ೬೪೦೦ಕ್ಕೆ ಏರಿಸಿದ್ದರೆ ಕಾಲವು ಇಪ್ಪತ್ತೈದನೆಯ ಒಂದು ಭಾಗಕ್ಕೆ ಇಳಿಯುತ್ತಿದ್ದಿತು. ಹಳೆಯ ಯಂತ್ರಕ್ಕೇ ೧.೮ರ ಲೆನ್ಸನ್ನು ತೊಡಿಸಿ, ಎರಡು ಹೆಜ್ಜೆ ಮುಂದೆ ಹೋಗಿ ತೆಗೆದಿದ್ದರೆ ಎಪ್ಪತ್ತೈದನೆಯ ಒಂದು ಭಾಗದಷ್ಟು ಸಾಕಾಗುತ್ತಿದ್ದಿತು. ತಲೆಯನ್ನು ಮೆಲ್ಲನೆ ಹೊರಳಿಸುವವರ ಮುಖವನ್ನು ನಿಲ್ಲಿಸಿ ತೋರಿಸಲು ಅಷ್ಟು ಸಾಲುವುದು. ಲೆನ್ಸಿನಲ್ಲಿರುವ ನಡುಕನಿವಾರಕವು ಇಲ್ಲಿ ಸಹಾಯಕ್ಕೆ ಬಾರದು; ಅದು ತೆಗೆಯುವವರ ಕೈಯ ನಡುಕವನ್ನು ತಡೆಯುವುದೇ ಹೊರತು ಎದುರಿಗಿರುವವರ ಚಲನೆಯನ್ನಲ್ಲ. ಇಂತು ಎರಡನೆಯ ತಪ್ಪಿಗೆ, ಎಂದರೆ ಕಾಲದ ತಪ್ಪಿಗೆ, ಹೊಸ ಯಂತ್ರಕ್ಕಿಂತ ಹೊಸ ಲೆನ್ಸೇ ಉತ್ತಮ ಮದ್ದೆಂದಾಯಿತು.

ಗೊಂಬೆಯ ಆರತಿಯಲ್ಲಿ

ಆದರೆ ಮೊದಲನೆಯ ತಪ್ಪು, ಫೋಕಸ್ಸಿನದು, ಲೆಕ್ಕಕ್ಕೆ ಸಿಕ್ಕುವಂಥದಲ್ಲ. ಅದಕ್ಕೆ ನವರಾತ್ರಿಯ ಗೊಂಬೆಯ ಆರತಿಯೇ ಪರೀಕ್ಷೆಯಾಯಿತು. ಬೀದಿಯ ಮಕ್ಕಳು ಹತ್ತು ಹನ್ನೆರಡು ಮಂದಿ, ಎರಡು ದೀಪದ ಕಂಬ, ಎಲ್ಲರ ಕಣ್ಣೂ ಚರಪಿನ ಡಬ್ಬಿಯ ಮೇಲೆ. ಆರತಿಯ ತಟ್ಟೆಯು ಮೇಲೆ ಕೆಳಗೆ ಆಡುತ್ತಿರುವಾಗ ಅದರ ಹಿಂದಿನ ಪುಟ್ಟ ಮುಖವನ್ನು ಹಿಡಿಯಬೇಕು.

ಡಿ ೩೧೦೦ದಲ್ಲಿ ಫೋಕಸ್ ನಿಲ್ಲಿಸಲು ಹನ್ನೊಂದು ಸ್ಥಾನಗಳುಂಟು. ಎಲ್ಲವೂ ಚಿತ್ರದ ನಡುಭಾಗದಲ್ಲಿ. ಮುಖವು ಅಂಚಿಗೆ ಸರಿದರೆ ನಡುವಿನ ಸ್ಥಾನದಿಂದ ಹಿಡಿದು ಆಮೇಲೆ ಕ್ಯಾಮೆರಾವನ್ನು ಹೊರಳಿಸಬೇಕು. ಅಷ್ಟರಲ್ಲಿ ಮಗುವು ಅಲ್ಲಿರುವುದಿಲ್ಲ. ಝಡ್ ೫೦ರಲ್ಲಿ ಫೋಕಸ್ಸಿನ ಕೆಲಸವನ್ನು ಸೆನ್ಸರೇ ಮಾಡುವುದು. ೨೦೯ ಸ್ಥಾನಗಳು ಚಿತ್ರದ ಬಹುಭಾಗವನ್ನು ವ್ಯಾಪಿಸಿವೆ. ಮೇಲಾಗಿ ಅದು ಮನುಷ್ಯನ ಮುಖವನ್ನು ಗುರುತಿಸಿ, ಮುಖದಲ್ಲಿ ಕಣ್ಣನ್ನು ಹುಡುಕಿ, ಅದರ ಮೇಲೊಂದು ಪುಟ್ಟ ಚೌಕವನ್ನು ಬರೆದು, ಕಣ್ಣು ಹೋದಲ್ಲಿಗೆ ತಾನೂ ಹೋಗುವುದು. ಮಕ್ಕಳ ಆರತಿಯ ಚಿತ್ರಗಳಲ್ಲಿ ಹಳೆಯದರಿಂದ ತೆಗೆದವು ಅರ್ಧಕ್ಕೂ ಕಡಿಮೆ ಒಪ್ಪುವಂತಿದ್ದವು. ಹೊಸದರಿಂದ ತೆಗೆದವುಗಳಲ್ಲಿ ಕೆಟ್ಟವುಗಳನ್ನು ಹುಡುಕಬೇಕಾಯಿತು. ನಮ್ಮ ಮನೆಯಾಕೆಯು ಅವನ್ನು ನೋಡಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ “ಅತ್ತೆಯವರ ಪಟ ತೆಗೆದಾಗ ಇದು ಇರಬೇಕಿತ್ತು” ಎಂದಷ್ಟೇ ಹೇಳಿದರು.

ಹಾಗೆಂದು ಹೊಸದು ಸರ್ವಜ್ಞವೆಂದು ತಿಳಿಯಬಾರದು. ಆರತಿಯ ತಟ್ಟೆಯು ಕಣ್ಣಿಗೆ ಅಡ್ಡವಾದಾಗಲೂ, ಹುಡುಗಿಯೊಬ್ಬಳು ಪೂರ್ತಿ ಮಗ್ಗುಲಾದಾಗಲೂ ಚೌಕವು ದಿಕ್ಕುಗೆಟ್ಟು, ಸಾಲಿನಲ್ಲಿದ್ದ ಪಟ್ಟದ ಗೊಂಬೆಯ ಮುಖವನ್ನೇ ಹಿಡಿದುದುಂಟು. ತೀರ ಕತ್ತಲಲ್ಲಿ ಕಿಂಡಿಯೊಳಗಿನ ಬಿಂಬವು ಮರಳುಮರಳಾಗಿ ತುಸು ತಡವರಿಸುವುದು. ಎದುರಿನವರು ಅಲುಗಾಡಿ ಚಿತ್ರವು ಮಸುಕಾಗುವುದನ್ನಂತೂ ಯಾವ ಕಿಂಡಿಯೂ ಮುಂದಾಗಿ ತೋರಿಸಲಾರದು; ಶಟರಿನ ಕಾಲದ ಮೇಲೆ ಕಣ್ಣಿಡುವುದು ಮನುಷ್ಯನ ಹೊಣೆಯಾಗಿಯೇ ಉಳಿದಿದೆ.

ಹಗಲಿನ ಬೆಳಕಿನಲ್ಲಿ ತೆಗೆದ ಚಿತ್ರಗಳ ಮಾತೇ ಬೇರೆ. ಹಿತ್ತಲಿನಲ್ಲಿ ಹಪ್ಪಳ ಒಣಗಿಸುತ್ತಿದ್ದವರನ್ನೂ, ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದ ನೆರೆಯ ಹಿರಿಯರನ್ನೂ ಎರಡರಿಂದಲೂ ತೆಗೆದು, ಒಂದೇ ಅಳತೆಗೆ ಅಚ್ಚು ಹಾಕಿಸಿ, ಯಾವುದು ಯಾವುದರದೆಂದು ಹೇಳಿರೆಂದು ಸೋದರಳಿಯನನ್ನೇ ಕೇಳಿದೆವು. ಅವನು ಮೂರು ಸಲ ತಪ್ಪಿ, ನಾಲ್ಕನೆಯ ಸಲ ನಕ್ಕು ಸುಮ್ಮನಾದನು.

ಸುಖದೊಡನೆ ಬರುವ ಕಷ್ಟಗಳು

ಹೊಸದರಲ್ಲಿ ಇನ್ನೂ ಕೆಲವು ಅನುಕೂಲಗಳುಂಟು. ಹಳೆಯದು ಸೆಕೆಂಡಿಗೆ ೩ ಚಿತ್ರಗಳನ್ನು ತೆಗೆದರೆ ಹೊಸದು ೧೧ನ್ನು ತೆಗೆಯುವುದು. ಸದ್ದಿಲ್ಲದೆ ತೆಗೆಯುವ ಏರ್ಪಾಡಿರುವುದರಿಂದ ವೇದಘೋಷದ ನಡುವೆ ಟಪಟಪವೆಂದು ಪುರೋಹಿತರ ಹುಬ್ಬು ಗಂಟಿಕ್ಕುವಂತೆ ಮಾಡಬೇಕಾದುದಿಲ್ಲ. ಆದರೆ ಕೆಲವು ವಿದ್ಯುದ್ದೀಪಗಳ ಕೆಳಗೆ ಈ ಏರ್ಪಾಡಿನಿಂದ ಚಿತ್ರದಲ್ಲಿ ಪಟ್ಟೆಗಳು ಮೂಡುವುವು. ವೇಗವಾಗಿ ಚಲಿಸುವ ವಸ್ತುಗಳು ಸೊಟ್ಟಗಾಗುವುವು. ತೆಗೆದ ಚಿತ್ರವನ್ನು ತಂತಿಯಿಲ್ಲದೆ ದೂರವಾಣಿಗೆ ಸಾಗಿಸಿ ಪರಊರಿನ ನಂಟರಿಗೆ ಕಳುಹಿಸಬಹುದು. ಡಿ ೩೧೦೦ದಲ್ಲಿ ಈ ಸೌಕರ್ಯವಿಲ್ಲ.

ಇನ್ನು ಕಷ್ಟಗಳು. ಕನ್ನಡಿಯ ಕ್ಯಾಮೆರಾದಲ್ಲಿ ಕಿಂಡಿಯನ್ನು ನೋಡುತ್ತಿರುವುದಕ್ಕೆ ವಿದ್ಯುತ್ತು ಬಹಳ ಬೇಕಾದುದಿಲ್ಲ. ಕನ್ನಡಿಯಿಲ್ಲದುದರಲ್ಲಿ ನೋಡುವುದಕ್ಕೂ ಬ್ಯಾಟರಿಯೇ ಬೇಕು. ತಯಾರಕರ ಒಪ್ಪಿತವಾದ ಅಳತೆಯಂತೆ ಡಿ ೩೧೦೦ ಒಂದು ಸಲ ತುಂಬಿದ ಬ್ಯಾಟರಿಯಿಂದ ಸುಮಾರು ೫೫೦ ಚಿತ್ರಗಳನ್ನು ತೆಗೆಯಬಲ್ಲದು. ಝಡ್ ೫೦ ಸುಮಾರು ೩೦೦. ದೇವರ ಸಮಾರಾಧನೆಯಿಂದ ಬೀಗರ ಔತಣದವರೆಗಿನ ದಿನಕ್ಕೆ ಹೊಸದರೊಡನೆ ಎರಡು ಬ್ಯಾಟರಿಗಳಾದರೂ ಇರಲೇಬೇಕು. ಅಲ್ಲದೆ ಲೆನ್ಸನ್ನು ಕಳಚಿದಾಗ ಸೆನ್ಸರು ಬಾಗಿಲಲ್ಲಿಯೇ ಬಯಲಾಗಿರುವುದು. ಹಳೆಯದರಲ್ಲಿ ಕನ್ನಡಿಯೂ ಶಟರೂ ಅದಕ್ಕೆ ಪರದೆಗಳಂತಿದ್ದವು. ಬೇಸಗೆಯ ಧೂಳಿನಲ್ಲಿ ಲೆನ್ಸನ್ನು ಬದಲಾಯಿಸುವಾಗ ಬಾಯಿಯನ್ನು ಕೆಳಮುಖವಾಗಿ ಹಿಡಿದು, ಬೇಗ ಮುಚ್ಚುವುದು ಕ್ಷೇಮ. ಮಲೆನಾಡಿನವರೂ ಕರಾವಳಿಯವರೂ ಯಾವ ಬಗೆಯದನ್ನಿಟ್ಟುಕೊಂಡರೂ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯದಂತೆ, ಭದ್ರವಾದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಹರಳುಗಳೊಡನೆ ಇಡತಕ್ಕದ್ದು. ಬೂಷ್ಟಿಗೆ ಕನ್ನಡಿಯಿದೆಯೇ ಇಲ್ಲವೇ ಎಂಬ ಭೇದವಿಲ್ಲ.

ಗೃಹಸ್ಥರಿಗೆ ನಾವು ಹೇಳುವುದು

ಮನೆಯಲ್ಲಿ ಕನ್ನಡಿಯ ಕ್ಯಾಮೆರಾ ಇದ್ದು ಅದು ಕೆಡದೆ ದುಡಿಯುತ್ತಿದ್ದರೆ, ಅದನ್ನು ಮೂಲೆಗೆ ಸರಿಸುವ ಕಾರಣವಿಲ್ಲ. ಹಗಲಿನ ಬೆಳಕಿನಲ್ಲಿ ನಿಂತು ತೆಗೆಯುವ ಚಿತ್ರಗಳಲ್ಲಿ ಅದು ಇಂದಿಗೂ ಯಾರಿಗೂ ಸೋಲುವುದಿಲ್ಲ. ಹಣವನ್ನು ಖರ್ಚುಮಾಡಲೇಬೇಕೆಂದಿದ್ದರೆ ಮೊದಲು ದೊಡ್ಡ ಬಾಯಿಯ ಲೆನ್ಸೊಂದನ್ನು ಕೊಳ್ಳಿರಿ. ಡಿ ೩೧೦೦ದ ಒಡಲಿನಲ್ಲಿ ಫೋಕಸ್ಸಿಗೆ ಮೋಟಾರಿಲ್ಲವಾದುದರಿಂದ, ತನ್ನೊಳಗೇ ಮೋಟಾರಿರುವ ಲೆನ್ಸನ್ನೇ ಆರಿಸಬೇಕು. ಆ ಹಣವು ಮುಂದಕ್ಕೂ ವ್ಯರ್ಥವಲ್ಲ, ಎಫ್.ಟಿ.ಝಡ್. ಎಂಬ ಜೋಡಣೆಯ ಬಳೆಯೊಂದನ್ನು ನಡುವೆ ಹಾಕಿದರೆ ಅದೇ ಲೆನ್ಸು ನಾಳೆ ಹೊಸ ಕಟ್ಟಿನ ಕ್ಯಾಮೆರಾದಲ್ಲಿಯೂ ತಾನಾಗಿ ಫೋಕಸ್ ಮಾಡುವುದು.

ಎರಡನೆಯದಾಗಿ, ಹಳೆಯದನ್ನು ಹಳೆಯದರಂತೆ ಬಳಸಲು ಕಲಿಯಿರಿ. ಫೋಕಸ್ಸಿನ ಆಯ್ಕೆಯನ್ನು ಯಂತ್ರಕ್ಕೆ ಬಿಡದೆ ನಡುವಿನ ಒಂದೇ ಸ್ಥಾನವನ್ನು ಆರಿಸಿ, ಅದನ್ನು ಕಣ್ಣಿನ ಮೇಲಿಟ್ಟು ಹಿಡಿಯಿರಿ. ದೀಪವೋ ಕಿಟಕಿಯೋ ಹಿಂದಿರುವಾಗ ಬೆಳಕಿನ ಲೆಕ್ಕವನ್ನು ಒಂದು ಮಾತ್ರೆ ಹೆಚ್ಚಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಚಿತ್ರವನ್ನು ತೆಗೆದೊಡನೆ ಹಿಂಬದಿಯ ತೆರೆಯಲ್ಲಿ ಮುಖವನ್ನು ದೊಡ್ಡದು ಮಾಡಿ ನೋಡಿರಿ. ಇದಕ್ಕೆ ಹತ್ತು ಸೆಕೆಂಡು ಸಾಕು. ಆ ಹತ್ತು ಸೆಕೆಂಡನ್ನು ಉಳಿಸಿದುದರ ಫಲವನ್ನು ನಾವು ಅನುಭವಿಸಿದ್ದೇವೆ.

ಮೂರನೆಯದಾಗಿ, ಮನೆಯಲ್ಲಿ ಕ್ಯಾಮೆರಾವೇ ಇಲ್ಲದವರು, ಹಳೆಯದು ಕೆಟ್ಟವರು, ಓಡಾಡುವ 
ಮಕ್ಕಳಿರುವವರು, ದೃಷ್ಟಿಯು ಮಂದವಾಗಿ ಫೋಕಸ್ಸಿನ ಗುರುತು ಕಾಣದವರು, ಇವರೆಲ್ಲರೂ ಕನ್ನಡಿಯಿಲ್ಲದುದನ್ನೇ ಕೊಳ್ಳುವುದು ಮೇಲು. ಅಗ್ಗಕ್ಕೆ ಸಿಕ್ಕುವ ಹಳೆಯ ಕನ್ನಡಿಯ ಕ್ಯಾಮೆರಾಗಳು ವಿದ್ಯೆಯನ್ನು ಕಲಿಯುವ ಹುಡುಗರಿಗೆ ಒಳ್ಳೆಯ ಉಪಾಧ್ಯಾಯರು. ಆದರೆ ಅಂಥದನ್ನು ಕೊಳ್ಳುವಾಗ ಲೆನ್ಸನ್ನು ಬೆಳಕಿಗೆ ಹಿಡಿದು ಬೂಷ್ಟಿದೆಯೇ ನೋಡಿ, ಶಟರ್ ಎಷ್ಟು ಸಲ ದುಡಿದಿದೆಯೆಂದು ವಿಚಾರಿಸಿ ಕೊಳ್ಳತಕ್ಕದ್ದು. ನಾವಿಲ್ಲಿ ಒಂದೇ ಸಂಸ್ಥೆಯ ಎರಡನ್ನು ಹೋಲಿಸಿದುದು ಅವು ನಮ್ಮ ಕೈಗೆ ಸಿಕ್ಕಿದುದರಿಂದ. ಕ್ಯಾನನ್ ಸಂಸ್ಥೆಯ ೨೦೧೧ರ ೧೧೦೦ಡಿ ಮತ್ತು ೨೦೨೩ರ ಆರ್ ೫೦ನ್ನು ಎದುರೆದುರಿಗೆ ಇಡುವವರಿಗೂ ವಿಚಾರದ ದಾರಿಯು ಇದೇ.

೨೦೨೫ರ ಫೆಬ್ರವರಿಯಲ್ಲಿ ಮದುವೆಯು ನಡೆಯಿತು. ನಾವು ಹೊಸ ಕ್ಯಾಮೆರಾವನ್ನು ಕೊಳ್ಳಲಿಲ್ಲ. ೩೫ ಮಿಲಿಮೀಟರಿನ ಲೆನ್ಸನ್ನು ಕೊಂಡೆವು. ಮಂಟಪದಲ್ಲಿ ಸೋದರಳಿಯನು ಹೊಸದನ್ನು ಹಿಡಿದನು. ಹಳೆಯದನ್ನು ಹಿಡಿದು ನಾವು ಒಳಗೂ ಹೊರಗೂ ಓಡಾಡಿದೆವು. ಎಂಬತ್ತೇಳು ವರ್ಷದ ನಮ್ಮ ಸೋದರತ್ತೆಯವರು ನಡುಗುವ ಕೈಯಿಂದ ಮದುಮಗಳ ತಲೆಯ ಮೇಲೆ ಅಕ್ಷತೆಯನ್ನು ಹಾಕಿದ ಚಿತ್ರವು ಹೊಸದರದು. ಮರುಕಳಿಸಲಾರದ ಗಳಿಗೆಯದು, ನಾವು ಅದನ್ನು ಹಳೆಯದಕ್ಕೆ ಒಪ್ಪಿಸುವ ಧೈರ್ಯವನ್ನು ಮಾಡಲಿಲ್ಲ. ಅದೇ ಅತ್ತೆಯವರು ಬೆಳಗ್ಗೆ ಅಡುಗೆಯ ಮನೆಯ ಹಿಂಬಾಗಿಲಲ್ಲಿ ಕುಳಿತು ಹೂ ಕಟ್ಟುತ್ತ ನಗುತ್ತಿದ್ದ ಚಿತ್ರವು ಹಳೆಯದರದು. ನಮ್ಮ ಡಿ ೩೧೦೦ ದುಡಿಯುವಷ್ಟು ದಿನ ದುಡಿಯಲಿ. ಅದು ನಿಂತ ದಿನ ನಾವೂ ಕನ್ನಡಿಯಿಲ್ಲದುದನ್ನೇ ತರುವೆವು. ಮನೆಯಾಕೆಯೂ ಇದಕ್ಕೆ ಒಪ್ಪಿರುವರು.

ಕೊನೆಯದಾಗಿ ಒಂದು ಮಾತು. ಯಾವುದರಿಂದ ತೆಗೆದರೂ ಚಿತ್ರಗಳನ್ನು ಪೆಟ್ಟಿಗೆಯ ಹೊಟ್ಟೆಯಲ್ಲಿ ಬಿಡದೆ, ವರ್ಷಕ್ಕೆ ಹತ್ತನ್ನಾದರೂ ಆರಿಸಿ ಅಚ್ಚು ಹಾಕಿಸಿರಿ. ಹಿಂಬದಿಯಲ್ಲಿ ಹೆಸರು, ದಿನ, ಊರುಗಳನ್ನು ಬರೆದಿಡಿರಿ. ಅತ್ತೆಯವರ ಎರಡು ಪಟಗಳನ್ನೂ ನಡುಮನೆಯ ಗೋಡೆಗೆ ಹಾಕಿದಾಗ, ೨೦೧೭ರ ಆ ಮಸುಕಾದ ಚಿತ್ರಗಳಲ್ಲಿ ಒಂದನ್ನೂ ಕಟ್ಟು ಹಾಕಿಸಿ ಪಕ್ಕದಲ್ಲಿ ಇಟ್ಟೆವು. ಮುಖವು ಸ್ಪಷ್ಟವಿಲ್ಲ. ಆದರೆ ಹಣತೆಗೆ ಎಣ್ಣೆ ಎರೆಯುತ್ತಿರುವ ಆ ಕೈ ಯಾರದೆಂದು ಮನೆಯಲ್ಲಿ ಯಾರೂ ಕೇಳಬೇಕಾಗಿಲ್ಲ.